ಕಾಗದದ ಕೊಳೆಯೂ ವಿದ್ಯುತ್ತಿನ ಸಾಕ್ಷ್ಯವೂ

ರದ್ದಿಯನ್ನು ಅರೆದು ಮತ್ತೆ ಕಾಗದವನ್ನು ಮಾಡುವ ಉದ್ಯಮವು ದೇಶಕ್ಕೆ ಹಿತಕರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಡಿನ ಮರವನ್ನುಳಿಸಿ ಹೊಳೆಯ ನೀರನ್ನು ಕೆಡಿಸಿದರೆ ಬಂದ ಲಾಭವೇನು? ಉತ್ತರ ಪ್ರದೇಶದ ಮುಝಫರ್‌ನಗರವು ಇಂತಹ ಕಾರ್ಖಾನೆಗಳಿಗೆ ಹೆಸರಾದ ಊರು. ಅಲ್ಲಿ ಹರಿಯುವ ಪಶ್ಚಿಮ ಕಾಳೀ ನದಿಯು ಹಿಂಡನ್ ನದಿಯನ್ನು ಕೂಡಿ ಯಮುನೆಯನ್ನು ಸೇರುತ್ತದೆ. ಪಟ್ಟಣಗಳ ಹೊಲಸಿನೊಡನೆ ಕಾಗದ, ಸಕ್ಕರೆ ಕಾರ್ಖಾನೆಗಳ ಕೊಳಚೆಯೂ ಬೆರೆತು ಆ ನದಿಗೊದಗಿದ ದುರವಸ್ಥೆಯನ್ನು ದಡದ ಒಕ್ಕಲು ಅನುಭವಿಸುತ್ತಿದ್ದಾನೆ.

ಈ ಕೊಳಚೆಯಲ್ಲಿ ಹಳೆಯ ಮಸಿ, ತುಂಡು ನಾರು, ಜೇಡಿಪುಡಿ, ಗಂಜಿ ಮುಂತಾದುವು ಸೇರಿರುತ್ತವೆ. ಅತಿ ಸೂಕ್ಷ್ಮವಾದ ಕಣಗಳು ಒಂದೇ ಬಗೆಯ ವಿದ್ಯುದಂಶವನ್ನು ಧರಿಸಿ ಒಂದನ್ನೊಂದು ದೂಡುವುದರಿಂದ ನೀರು ತಾನಾಗಿ ತಿಳಿಯಾಗದು. ಮನೆಯಲ್ಲಿ ಕದಡಿದ ನೀರಿಗೆ ಪಟಿಕವನ್ನು ಹಾಕುವಂತೆ ಕಾರ್ಖಾನೆಗಳೂ ಅಂತಹ ಲವಣಗಳನ್ನು ಸುರಿಯುತ್ತವೆ. ವಿದ್ಯುತ್ ಪದ್ಧತಿಯಲ್ಲಾದರೋ ಅಲ್ಯುಮಿನಿಯಂ ಅಥವಾ ಕಬ್ಬಿಣದ ತಗಡುಗಳನ್ನು ಕೊಳಚೆಯಲ್ಲಿಳಿಸಿ ವಿದ್ಯುತ್ತನ್ನು ಹರಿಸುತ್ತಾರೆ. ಧನಾಗ್ರದ ಲೋಹವು ಕರಗಿ ಕಣಗಳನ್ನು ಗರಣೆಗಟ್ಟಿಸುವುದು. ಋಣಾಗ್ರದಲ್ಲೇಳುವ ಜಲಜನಕದ ಗುಳ್ಳೆಗಳು ಅದನ್ನು ಮೇಲಕ್ಕೆ ತೇಲಿಸುವುವು. ಈ ಉಪಾಯವು ಹೊಸದಲ್ಲ. 1889ರಲ್ಲಿಯೇ ಲಂಡನ್ನಿನ ಚರಂಡಿಯ ನೀರಿನ ಮೇಲೆ ಇದನ್ನು ಪ್ರಯೋಗಿಸಿದ್ದರು.

ಇದು ಸರ್ವರೋಗಕ್ಕೂ ಸಂಜೀವಿನಿಯೆಂದು ನಾವು ಹೇಳುವುದಿಲ್ಲ. ನೀರಿನಲ್ಲಿ ಕರಗಿದ ಗಂಜಿಯ ಬಹುಭಾಗವು ಇದಕ್ಕೆ ಸಿಕ್ಕದು. ಅದನ್ನು ಸೂಕ್ಷ್ಮಜೀವಿಗಳಿಂದಲೇ ಕಳೆಯಬೇಕು. ತಗಡು ಸವೆಯುವುದು, ಅದರ ಮೇಲೆ ಪೊರೆ ಕಟ್ಟುವುದು. ತೆಗೆದ ಕೆಸರಿಗೂ ತಕ್ಕ ವ್ಯವಸ್ಥೆ ಬೇಕು. ವಿದ್ಯುತ್ತಿನ ವೆಚ್ಚವಂತೂ ಇದ್ದೇ ಇದೆ. ಪರೀಕ್ಷಕರು ಬಂದಾಗ ಯಂತ್ರವನ್ನು ನಡೆಯಿಸಿ, ಅವರು ಬೆನ್ನು ತಿರುಗಿಸಿದೊಡನೆ ನಿಲ್ಲಿಸುವ ಆಸೆಯು ಹುಟ್ಟುವುದು ಇಲ್ಲಿಯೇ.

ಆದರೆ ಈ ಪದ್ಧತಿಯ ದೊಡ್ಡ ಗುಣವೂ ಇಲ್ಲಿಯೇ ಇದೆ. ಹರಿದ ವಿದ್ಯುತ್ತಿನ ಮೊತ್ತಕ್ಕೆ ತಕ್ಕಂತೆ ಲೋಹವು ಕರಗುವುದೆಂಬ ನಿಯಮವನ್ನು ಫ್ಯಾರಡೆ ಮಹಾಶಯನು 1830ರ ದಶಕದಲ್ಲಿಯೇ ಸ್ಥಾಪಿಸಿದನು. ಎಷ್ಟು ನೀರು ಹೊರಬಿದ್ದಿತು, ಎಷ್ಟು ವಿದ್ಯುತ್ತು ಹರಿಯಿತು ಎಂಬ ಎರಡು ಲೆಕ್ಕಗಳನ್ನು ಎದುರುಬದುರಾಗಿಟ್ಟರೆ, ಯಂತ್ರವು ನಿಜವಾಗಿ ನಡೆಯಿತೋ ಇಲ್ಲವೋ ಗೊತ್ತಾಗುವುದು. ಆದುದರಿಂದ ಶುದ್ಧೀಕರಣದ ಯಂತ್ರಕ್ಕೆ ಪ್ರತ್ಯೇಕ ಮೀಟರನ್ನು ಕಡ್ಡಾಯಮಾಡಿ, ಅದರ ಲೆಕ್ಕವನ್ನೂ ಹೊರಬಿಟ್ಟ ನೀರಿನ ಪರೀಕ್ಷೆಯ ಫಲವನ್ನೂ ತಿಂಗಳು ತಿಂಗಳಿಗೆ ಪ್ರಕಟಿಸಬೇಕು. 1974ರ ಜಲ ಮಾಲಿನ್ಯ ಕಾಯಿದೆಯಿರುವಾಗ ಮಂಡಳಿಗಳು ಅಧಿಕಾರವಿಲ್ಲವೆಂದು ಹೇಳುವಂತಿಲ್ಲ. ಸಣ್ಣ ಕಾರ್ಖಾನೆಗಳು ಕೂಡಿ ಒಂದೇ ಶುದ್ಧೀಕರಣಾಲಯವನ್ನು ಕಟ್ಟಿಕೊಳ್ಳಲು ಸರಕಾರದವರು ನೆರವಾಗಲಿ.

ವಾಚಕರು ಇಂದು ಓದಿದ ಪತ್ರಿಕೆಯೇ ನಾಳೆ ರದ್ದಿಯಾಗುವುದು. ಅದನ್ನು ತೊಳೆದ ನೀರು ಯಾರ ಬಾವಿಯನ್ನು ಸೇರಿತೆಂದು ಕೇಳುವ ಹಕ್ಕು ಅವರಿಗಿದೆ, ಕರ್ತವ್ಯವೂ ಹೌದು.