ಬಿದ್ದವರನ್ನು ತಟ್ಟನೆ ಎಬ್ಬಿಸಬೇಡಿ
ಕಬ್ಬಿನ ಕಟಾವು ಶುರುವಾದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಎಷ್ಟೋ ಓಣಿಗಳಲ್ಲಿ ಹೊತ್ತೇರುವ ಮುಂಚೆಯೇ ಮನೆಮಂದಿ ಹೊಲ ಸೇರುತ್ತಾರೆ; ಮನೆಯಲ್ಲಿ ಉಳಿಯುವವರು ಮುತ್ಯಾ, ಆಯಿ ಮಾತ್ರ. ಮಕ್ಕಳು ಪುಣೆ, ಕೊಲ್ಹಾಪುರ ಸೇರಿದ ಮನೆಗಳಲ್ಲಂತೂ ವರ್ಷವಿಡೀ ಅದೇ ಪಾಡು. ಪಾಚಿ ಕಟ್ಟಿದ ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿದರೆ ಆ ಕೂಗು ಕೇಳಬೇಕಾದವರು ಪಕ್ಕದ ಮನೆಯವರೇ. ಓಡಿಬಂದವರು ರಟ್ಟೆ ಹಿಡಿದು ಎಬ್ಬಿಸುತ್ತಾರೆ, ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಅಂತಃಕರಣದಿಂದಲೇ ಮಾಡುತ್ತಾರೆ, ನಿಜ. ಆದರೆ ತೊಡೆಸಂದಿಯ ಎಲುಬು ಮುರಿದಿದ್ದರೆ ಅದರಿಂದ ಕೇಡೇ ಹೆಚ್ಚು. “ಆಯಿ, ಗಡಬಡಿಸಬ್ಯಾಡ್ರಿ, ಎಲ್ಲಿ ನೋಯಾಕತ್ತೈತಿ ಹೇಳ್ರಿ” ಎಂದು ಪಕ್ಕದಲ್ಲಿ ಕುಳಿತು ಕೇಳಬೇಕು. ಒಂದು ಕಾಲು ಗಿಡ್ಡವಾಗಿ ಕಂಡು ಪಾದ ಹೊರಕ್ಕೆ ವಾಲಿದ್ದರೆ, ಇಲ್ಲವೇ ತಲೆಗೆ ಪೆಟ್ಟಾಗಿದ್ದರೆ, ಕದಲಿಸದೆ ಕೌದಿ ಹೊದಿಸಿ 108ಕ್ಕೆ ಫೋನ್ ಮಾಡಬೇಕು. ದಿನದ ಗುಳಿಗೆಗಳ ಚೀಟಿಯನ್ನೂ ಜೊತೆಗೆ ಕಳಿಸಬೇಕು; ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಿಗೆ ತಲೆಯ ಸಣ್ಣ ಪೆಟ್ಟೂ ಅಪಾಯ. ನೋವಿಲ್ಲವೆಂದರೆ ಮಗ್ಗುಲಾಗಿಸಿ, ಅಂಬೆಗಾಲಿಗೆ ಬಂದ ಮೇಲೆ ಗಟ್ಟಿ ಕುರ್ಚಿ ಹಿಡಿದು ತಾವೇ ಏಳಲು ಬಿಡಬೇಕು. ನನಗೆ ಹೆಚ್ಚು ಕಳವಳ ಯಾರೂ ನೋಡದೆ ಬಿದ್ದವರ ಬಗ್ಗೆ: ತಾಸುಗಟ್ಟಲೆ ನೆಲದ ಮೇಲೇ ಉಳಿದರೆ ಮೈ ತಣ್ಣಗಾಗುತ್ತದೆ, ಮೂತ್ರಪಿಂಡಕ್ಕೂ ಧಕ್ಕೆಯಾಗಬಹುದು. ಹಾಲು ಹಾಕುವವರು, ಆಶಾ ಕಾರ್ಯಕರ್ತೆ, ಎದುರುಮನೆಯ ಸೊಸೆ, ಒಬ್ಬರಾದರೂ ಬೆಳಿಗ್ಗೆ “ಎದ್ದೀರೇನ್ರಿ?” ಎಂದು ಕೂಗಿ, ಉತ್ತರ ಕೇಳಿಸಿಕೊಂಡೇ ಮುಂದೆ ಹೋಗಲಿ. ಬಾಗಿಲಿನ ಇನ್ನೊಂದು ಕೀಲಿ ನೆರೆಮನೆಯಲ್ಲಿರಲಿ. ದಿಕ್ಕು ತೋಚದ ಹಿರಿಯರಿಗೆ 14567 ಸಹಾಯವಾಣಿ ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ; ಆ ಅಂಕಿಗಳನ್ನು ದೊಡ್ಡದಾಗಿ ಬರೆದು ಅವರ ಮಂಚದ ಹತ್ತಿರ ಅಂಟಿಸಿ.