ಎದೆಯ ಗಂಟಿಗೆ ಗುಟ್ಟು ಬೇಡ, ಲೇಪವೂ ಬೇಡ

ಎದೆಯಲ್ಲಿ ಗಂಟು ಕೈಗೆ ಸಿಕ್ಕ ದಿನ ನಮ್ಮ ಹೆಣ್ಣುಮಕ್ಕಳು ಮಾಡುವ ಮೊದಲ ಕೆಲಸ ವೈದ್ಯರ ಹತ್ತಿರ ಹೋಗುವುದಲ್ಲ, ಬಾಯಿ ಮುಚ್ಚಿಕೊಳ್ಳುವುದು. ರಾಯಚೂರಿನಲ್ಲಿ ಕೂತು ಇಷ್ಟು ವರ್ಷ ಚಿಕಿತ್ಸೆ ಮಾಡಿದ ಮೇಲೆ ನನಗೆ ಇದು ಚೆನ್ನಾಗಿ ಗೊತ್ತಾಗಿದೆ. ದೇವದುರ್ಗದಿಂದ, ಮಾನ್ವಿಯಿಂದ ಬಸ್ಸು ಹಿಡಿದು ಬರುವ ಸಹೋದರಿಯರು ಮೊದಲು ಮಂಡಿನೋವು ಹೇಳುತ್ತಾರೆ, ಗ್ಯಾಸ್ ಎನ್ನುತ್ತಾರೆ, ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ನಾಡಿ ನೋಡಿ, ಚೀಟಿ ಬರೆದು, ಎದ್ದು ಹೊರಡುವ ಹೊತ್ತಿಗೆ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಬುರ್ಖಾದ ಮೇಲಿನಿಂದಲೇ ಬೆರಳಿಟ್ಟು ‘ಇಲ್ಲೊಂದು ಗಂಟಾಗಿದೆ’ ಎನ್ನುತ್ತಾರೆ. ಎಷ್ಟು ದಿನವಾಯಿತು ಎಂದರೆ ರಂಜಾನಿಗೂ ಮುಂಚೆಯಿಂದ ಎಂಬ ಉತ್ತರ. ಅದರ ಹಿಂದೆಯೇ ‘ಕಿಸ್ಕು ಬೀ ನಕ್ಕೋ ಬೋಲೋ’, ಯಾರಿಗೂ ಹೇಳಬೇಡಿ ಎಂಬ ಬೇಡಿಕೆ.

ಇವರಲ್ಲಿ ಹಾರ್ಮೋನು ಮಾತ್ರೆ ನುಂಗುತ್ತಿರುವವರ ಸಂಕಟ ಎರಡು ಪಟ್ಟು. ಗಂಟಿನ ಭಯ ಒಂದು ಕಡೆ, ‘ನಾನೇ ತಂದುಕೊಂಡೆ’ ಎಂಬ ಕೊರಗು ಇನ್ನೊಂದು ಕಡೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬೆಂಕಿಯಂತೆ ಕಾದು ಬೆವರುತ್ತದೆ, ರಾತ್ರಿ ನಾಲ್ಕು ಸಲ ಎಚ್ಚರವಾಗುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ. ನಮ್ಮೂರಿನ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇದು ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ‘ಎಲ್ಲ ಹೆಂಗಸರೂ ಸಹಿಸಿಕೊಂಡರು, ನಿನಗೊಬ್ಬಳಿಗೆ ಮಾತ್ರೆ ಬೇಕಾಯಿತೇ’ ಎಂದು ಅತ್ತೆಯೋ ಅಕ್ಕನೋ ಒಮ್ಮೆ ಅಂದಿರುತ್ತಾರೆ. ಗಂಟು ಸಿಕ್ಕಾಗ ಆ ಮಾತು ಎದೆಗೆ ನಾಟುತ್ತದೆ. ನನ್ನ ಸುಖಕ್ಕಾಗಿ ಮಾತ್ರೆ ನುಂಗಿದೆ, ಅಲ್ಲಾಹನು ಶಿಕ್ಷೆ ಕೊಟ್ಟ ಎಂದುಕೊಳ್ಳುತ್ತಾರೆ. ಶಿಕ್ಷೆ ಎಂದುಕೊಂಡ ಮೇಲೆ ಯಾರಿಗೆ ಹೇಳಿಯಾರು?

ಆದ್ದರಿಂದ ಮೊದಲು ಈ ಕೊರಗಿನ ಲೆಕ್ಕ ನೋಡೋಣ. ಹಾರ್ಮೋನು ಮಾತ್ರೆಯ ಬಗ್ಗೆ ಜಗತ್ತಿನಾದ್ಯಂತ ಹೆದರಿಕೆ ಹಬ್ಬಿದ್ದು 2002ರ ಜುಲೈನಲ್ಲಿ. ಅಮೆರಿಕದಲ್ಲಿ 16 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನದ ಒಂದು ಭಾಗವನ್ನು ಆಗ ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತ್ತು. ಎಷ್ಟು ಹೆಚ್ಚು? ಔಷಧಿ ಇಲ್ಲದ ಮಾತ್ರೆ ನುಂಗಿದ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಕ್ಯಾನ್ಸರ್ ಬಂದರೆ, ಹಾರ್ಮೋನು ನುಂಗಿದ 10,000 ಮಂದಿಯಲ್ಲಿ 38. ಅಂದರೆ 10,000ಕ್ಕೆ 8 ಹೆಚ್ಚು. ವರ್ಷಗಳು ಕಳೆದಂತೆ ಈ ವ್ಯತ್ಯಾಸ ಬೆಳೆಯುತ್ತದೆ. 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, 50ನೇ ವಯಸ್ಸಿನಲ್ಲಿ ಶುರುಮಾಡಿ ಐದು ವರ್ಷ ದಿನವೂ ಎರಡೂ ಹಾರ್ಮೋನು ತೆಗೆದುಕೊಂಡ 50 ಮಂದಿಯಲ್ಲಿ, 20 ವರ್ಷಗಳ ಅವಧಿಯಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರುತ್ತದೆ. ಇವೆಲ್ಲ ಹೆಚ್ಚಾಗಿ ಪಾಶ್ಚಾತ್ಯ ದೇಶಗಳ ಅಂಕಿಗಳು. ಇದು ಸಣ್ಣದೆಂದು ತಳ್ಳಿಹಾಕುವ ಮಾತಲ್ಲ. ಆದರೆ ಉಳಿದ 49 ಮಂದಿಯ ವಿಷಯದಲ್ಲಿ ಮಾತ್ರೆಯಿಂದಾಗಿ ಏನೂ ಬದಲಾಗಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ.

ಇನ್ನೊಂದು ಮಾತು. ಕೈಗೆ ಸಿಗುವಷ್ಟು ದೊಡ್ಡ ಕ್ಯಾನ್ಸರ್ ಗಡ್ಡೆ ಬೆಳೆಯಲು ಸಾಮಾನ್ಯವಾಗಿ ವರ್ಷಗಳೇ ಬೇಕು. ಮೂರು ತಿಂಗಳ ಹಿಂದೆ ಮಾತ್ರೆ ಶುರುಮಾಡಿ ಈಗ ಗಂಟು ಕಂಡವರು, ಆ ಗಂಟು ಏನೇ ಆಗಿರಲಿ, ಮಾತ್ರೆಯಿಂದಲೇ ಹುಟ್ಟಿತೆಂದು ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ‘ಚೀಲ ತೆಗೆಸಿಕೊಂಡೆ’ ಎಂದು ಮೂವತ್ತೈದು, ನಲವತ್ತಕ್ಕೇ ಹೇಳುವ ಹೆಣ್ಣುಮಕ್ಕಳು ಇಲ್ಲಿ ಬಹಳ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣ 2015ರ ಹೊತ್ತಿಗೆ ರಾಜ್ಯವೆಲ್ಲ ಸುದ್ದಿಯಾಗಿದ್ದು ನಿಮಗೆ ನೆನಪಿರಬಹುದು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆ ಮುಟ್ಟು ನಿಲ್ಲುವ ಕಷ್ಟಗಳೆಲ್ಲ ಒಂದೇ ವಾರದಲ್ಲಿ ಮೈಮೇಲೆ ಬೀಳುತ್ತವೆ. ಇಂಥವರಿಗೆ ಎಲುಬು ಮತ್ತು ಹೃದಯದ ರಕ್ಷಣೆಗಾಗಿ ಸುಮಾರು ಐವತ್ತರವರೆಗೆ ಹಾರ್ಮೋನು ಕೊಡುವುದು ಸರಿಯಾದ ಚಿಕಿತ್ಸೆಯೇ. ಅದು ದೇಹ ತಾನೇ ಮಾಡಿಕೊಳ್ಳಬೇಕಿದ್ದುದನ್ನು ಹೊರಗಿನಿಂದ ತುಂಬುವುದು, ಸುಖದ ಮಾತಲ್ಲ. ಗರ್ಭಕೋಶ ಇಲ್ಲದವರಿಗೆ ಬರೀ ಈಸ್ಟ್ರೋಜನ್ ಕೊಡುತ್ತಾರೆ, ಅದರ ಅಪಾಯ ಎರಡೂ ಸೇರಿದ ಮಾತ್ರೆಗಿಂತ ಬಹಳ ಕಡಿಮೆ. ಆದ್ದರಿಂದ ನೀವು ನುಂಗುತ್ತಿರುವುದು ಯಾವುದು ಎಂದು ತಿಳಿದಿರಬೇಕು. ಮಾತ್ರೆಯ ಪಟ್ಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ. ಹಜ್, ಉಮ್ರಾಗೆ ಹೋಗುವಾಗ ಮುಟ್ಟು ಮುಂದೂಡಲು ಕೆಲವು ದಿನ ನುಂಗುವ ಮಾತ್ರೆ ಬೇರೆ, ಇದು ಬೇರೆ. ಎರಡನ್ನೂ ‘ಹಾರ್ಮೋನು ಗೋಲಿ’ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ.

ಕೊರಗಿನ ಎದುರು ತುದಿಯಲ್ಲಿ ಇನ್ನೊಂದು ತಪ್ಪಿದೆ. ‘ಮಾತ್ರೆಯಿಂದ ಎದೆ ಭಾರವಾಗುತ್ತದಂತೆ, ಇದೂ ಅದೇ ಇರಬೇಕು, ತಾನೇ ಹೋಗುತ್ತದೆ’ ಎಂಬ ಸಮಾಧಾನ. ಇದರಲ್ಲಿ ಅರ್ಧ ಸತ್ಯವಿದೆ. ಹಾರ್ಮೋನು ಶುರುವಾದ ಮೊದಲ ಕೆಲವು ತಿಂಗಳು ಎರಡೂ ಸ್ತನಗಳು ನೋಯಬಹುದು, ಬಿಗಿಯಬಹುದು. ಮುಟ್ಟು ನಿಂತ ಮೇಲೆ ಕರಗಿಹೋಗಬೇಕಾದ ನೀರುಗುಳ್ಳೆಗಳು ಹಾರ್ಮೋನಿನಿಂದ ಉಳಿದುಕೊಳ್ಳಬಹುದು. ಆದರೆ ಒಂದೇ ಕಡೆ, ಒಂದೇ ಜಾಗದಲ್ಲಿ ಕೈಗೆ ಸಿಗುವ ಹೊಸ ಗಂಟನ್ನು ಮಾತ್ರೆಯ ಗುಣವೆಂದು ನೀವೂ ತೀರ್ಮಾನಿಸುವಂತಿಲ್ಲ, ನಾನೂ ತೀರ್ಮಾನಿಸುವಂತಿಲ್ಲ. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ನಿಜ. ಆದರೆ ಮುಟ್ಟು ನಿಂತ ಮೇಲೆ ಹೊಸದಾಗಿ ಬಂದ ಗಂಟಿನಲ್ಲಿ ಆ ಸಂಭವ ಇಪ್ಪತ್ತೈದರ ಹುಡುಗಿಯ ಗಂಟಿಗಿಂತ ಹೆಚ್ಚು. ನೋವಿಲ್ಲ ಎಂಬುದು ಸಮಾಧಾನದ ಕಾರಣವೇ ಅಲ್ಲ, ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಮೊದಲಿಗೆ ನೋಯುವುದಿಲ್ಲ. ಮೊಲೆತೊಟ್ಟು ಒಳಗೆ ಎಳೆದುಕೊಂಡಿದ್ದರೆ, ರಕ್ತ ಒಸರಿದರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ಕುಳಿಬಿದ್ದರೆ, ಕಂಕುಳಲ್ಲೂ ಗಡ್ಡೆ ಸಿಕ್ಕರೆ ಮರುದಿನವೇ ಹೊರಡಿ. ಬೇರೆ ಯಾವ ಗಂಟಾದರೂ ಎರಡು ವಾರ ದಾಟಬಾರದು.

ಈ ಆತಂಕಕ್ಕೆ ಒಂದೇ ಔಷಧಿ ಇದೆ, ಅದು ಪರೀಕ್ಷೆ. ವೈದ್ಯರು ಕೈಯಿಂದ ಮುಟ್ಟಿ ನೋಡುವುದು, ಮ್ಯಾಮೊಗ್ರಾಮ್ ಮತ್ತು ಸ್ಕ್ಯಾನಿಂಗ್, ಬೇಕಾದರೆ ಸೂಜಿಯಿಂದ ಚೂರು ತೆಗೆದು ನೋಡುವುದು. ಮೂರೂ ಒಂದೇ ಮಾತು ಹೇಳಿದರೆ ಆ ಮಾತನ್ನು ನಂಬಬಹುದು. ಹಾರ್ಮೋನು ತೆಗೆದುಕೊಳ್ಳುವವರ ಸ್ತನ ಮ್ಯಾಮೊಗ್ರಾಮಿನಲ್ಲಿ ದಟ್ಟವಾಗಿ ಕಾಣಬಹುದು, ಹಾಗಾಗಿ ಮಾತ್ರೆಯ ವಿಷಯವನ್ನು ಅಲ್ಲಿ ಮುಚ್ಚಿಡಬೇಡಿ. ಅಂಗಡಿಯಿಂದ ‘ನೈಸರ್ಗಿಕ’ ಎಂದು ತಂದ ಸೋಯಾ ಗೋಲಿ, ಬೇರಿನ ಪುಡಿ ಇದ್ದರೆ ಅದನ್ನೂ ಹೇಳಿ. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ. ವರದಿ ಬರುವವರೆಗೆ ಸಾಮಾನ್ಯವಾಗಿ ನಿಲ್ಲಿಸಿ ಎನ್ನುತ್ತಾರೆ. ನಿಲ್ಲಿಸಿದರೆ ಬೆವರು, ನಿದ್ದೆಗೇಡು ಮರಳಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ.

ವರದಿಯ ಕೊನೆಯಲ್ಲಿ ಬೈರಾಡ್ಸ್ ಎಂದು ಒಂದು ಅಂಕಿ ಬರೆದಿರುತ್ತಾರೆ. ಎಷ್ಟೋ ಮನೆಗಳಲ್ಲಿ ಇದನ್ನು ಮಕ್ಕಳು ಮೊಬೈಲಿನಲ್ಲಿ ಹುಡುಕಿ ರಾತ್ರಿಯೆಲ್ಲ ಎಲ್ಲರ ನಿದ್ದೆ ಕೆಡಿಸುತ್ತಾರೆ. 0 ಎಂದರೆ ಏನೂ ಇಲ್ಲ ಎಂದಲ್ಲ, ಪರೀಕ್ಷೆ ಇನ್ನೂ ಮುಗಿದಿಲ್ಲ, ಮತ್ತೊಂದು ಚಿತ್ರ ಬೇಕು ಎಂದು. 1, 2 ಬಂದರೆ ಚಿತ್ರದಲ್ಲಿ ಅನುಮಾನವಿಲ್ಲ. 3 ಎಂದರೆ ಕ್ಯಾನ್ಸರ್ ಇರುವ ಸಂಭವ ನೂರಕ್ಕೆ ಎರಡರಷ್ಟೂ ಇಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4, 5 ಬಂದರೆ ಸೂಜಿ ಪರೀಕ್ಷೆ ಮಾಡಲೇಬೇಕು. 4 ಬಂದವರಲ್ಲೂ ಅನೇಕರಿಗೆ ಕೊನೆಗೆ ಏನೂ ಇರುವುದಿಲ್ಲ. ಅಂಕಿ ಯಾವುದೇ ಇರಲಿ, ಕೈಗೆ ಗಂಟು ಸಿಗುತ್ತಿದ್ದರೆ ವೈದ್ಯರು ಅದನ್ನೂ ಸೇರಿಸಿಯೇ ತೀರ್ಮಾನಿಸಬೇಕು.

ಸೂಜಿ ಚುಚ್ಚಿದರೆ ರೋಗ ಮೈಯೆಲ್ಲ ಹರಡುತ್ತದೆ ಎಂಬ ಮಾತು ನಮ್ಮ ಓಣಿಗಳಲ್ಲಿ ವೇದವಾಕ್ಯದಂತೆ ಓಡಾಡುತ್ತದೆ. ಅದು ಸುಳ್ಳು. ಚುಚ್ಚಿಸಿಕೊಂಡು, ವರದಿ ಕೈಗೆ ಬಂದ ಮೇಲೆ ಚಿಕಿತ್ಸೆಗೆ ಹೋಗದೆ ತಿಂಗಳುಗಟ್ಟಲೆ ಮನೆಯಲ್ಲಿ ಕೂತವರಲ್ಲಿ ರೋಗ ಹರಡುತ್ತದೆ. ಜನ ದೂರುವುದು ಸೂಜಿಯನ್ನು.

ಈಗ ನನ್ನದೇ ವೃತ್ತಿಯ ಬಗ್ಗೆ ಹೇಳಬೇಕು. ಈ ಸಹೋದರಿಯರು ನನ್ನ ಬಳಿ ಬರುವುದು ನಾನು ಹೆಣ್ಣು, ಅವರ ಮಾತು ಬಲ್ಲವಳು ಎಂಬ ಕಾರಣಕ್ಕೆ, ನನ್ನ ಬಳಿ ಗಂಟಿಗೆ ಔಷಧಿ ಇದೆಯೆಂದಲ್ಲ. ಆದರೂ ‘ಏನಾದರೂ ಲೇಪ ಕೊಡಿ, ಕರಗಲಿ’ ಎನ್ನುತ್ತಾರೆ. ನಾನು ಕೊಡುವುದಿಲ್ಲ. ಪರೀಕ್ಷೆಯ ಕಾಗದ ನೋಡದೆ ಎದೆಯ ಗಂಟಿಗೆ ಲೇಪ, ಮಾಜೂನು ಕೊಡುವ ಯಾವ ಹಕೀಮರೂ ಯುನಾನಿಯ ಗೌರವ ಉಳಿಸುತ್ತಿಲ್ಲ ಎಂದು ಬರೆಯಲು ನನಗೆ ಸಂಕೋಚವಿಲ್ಲ. ನಮ್ಮ ಹಿರಿಯರು ಇದನ್ನು ಬಲ್ಲರು. ಅವರು ಈ ರೋಗವನ್ನು ಕರೆದಿದ್ದು ಸರತಾನ್ ಎಂದು, ಅಂದರೆ ಏಡಿ. ಸಾವಿರ ವರ್ಷದ ಹಿಂದೆ ಕಾರ್ಡೋಬಾದ ಅಬುಲ್ ಕಾಸಿಂ ಅಲ್ ಝಹ್ರಾವಿ, ಸ್ತನದಂಥ ಕೈಗೆಟುಕುವ ಜಾಗದಲ್ಲಿ ರೋಗ ಚಿಕ್ಕದಿರುವಾಗಲೇ ಪೂರ್ತಿ ಕತ್ತರಿಸಿ ತೆಗೆಯಬಹುದು, ದೊಡ್ಡದಾಗಿ ಹಳೆಯದಾದರೆ ಕೈಹಾಕಬಾರದು ಎಂದು ಬರೆದರು. ಆ ಹಂತದಲ್ಲಿ ತಮ್ಮಿಂದ ಒಬ್ಬರೂ ಗುಣವಾಗಿಲ್ಲವೆಂದು ಒಪ್ಪಿಕೊಂಡರು. ಇಬ್ನ್ ಸೀನಾ ಕೂಡ ಆರಂಭದಲ್ಲೇ ಶಸ್ತ್ರಚಿಕಿತ್ಸೆ ಎಂದವರೇ. ಅವರಿಗೆ ಮ್ಯಾಮೊಗ್ರಾಮ್ ಇರಲಿಲ್ಲ, ನಮಗಿದೆ. ಅವರ ಹೆಸರು ಹೇಳಿಕೊಂಡು ಲೇಪ ಮಾರುವುದು ಯಾವ ನ್ಯಾಯ?

ಪರ್ದಾದ ಪ್ರಶ್ನೆ ಬರುತ್ತದೆ. ಮಹಿಳಾ ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು, ಸಂಕೋಚವಿಲ್ಲದೆ ಕೇಳಿ. ಸಿಗದಿದ್ದರೆ ಅನಿವಾರ್ಯದಲ್ಲಿ ಪುರುಷ ವೈದ್ಯರು ನೋಡಲು ನಮ್ಮ ಉಲಮಾಗಳು ಅವಕಾಶ ಕೊಟ್ಟಿದ್ದಾರೆ, ಜೊತೆಗೆ ಮನೆಯವರೊಬ್ಬರು ಇರಬಹುದು. ಲೇಡಿ ಡಾಕ್ಟರ್ ರಜೆಯಲ್ಲಿದ್ದಾರೆ ಎಂದು ಮೂರು ತಿಂಗಳು ಕಾಯುವುದನ್ನು ಹಯಾ ಎಂದು ಕರೆಯಲು ನನಗಾಗದು. ಮೂವತ್ತು ದಾಟಿದ ಮಹಿಳೆಯರ ಸ್ತನ ತಪಾಸಣೆ ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ದೇವದುರ್ಗ, ಮಾನ್ವಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಬರೆಸಿಕೊಂಡು ರಾಯಚೂರಿಗೆ ಬನ್ನಿ. ಇಲ್ಲಿ ರಿಮ್ಸ್ ಇದೆ, ನವೋದಯ ಮೆಡಿಕಲ್ ಕಾಲೇಜು ಇದೆ. ಹೊರಡುವ ಮುನ್ನ ಮ್ಯಾಮೊಗ್ರಾಮ್ ಯಾವ ದಿನ ಮಾಡುತ್ತಾರೆಂದು ಫೋನಿನಲ್ಲಿ ಕೇಳಿಕೊಂಡರೆ ಐವತ್ತು ಕಿಲೋಮೀಟರಿನ ದಾರಿ ವ್ಯರ್ಥವಾಗದು. ಕ್ಯಾನ್ಸರ್ ಎಂದೇ ಆದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಕಲಬುರಗಿಯಲ್ಲೂ ಕೇಂದ್ರವಿದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ.

ಕಾಯುವ ದಿನಗಳೇ ಕಷ್ಟ. ಗಂಟನ್ನು ದಿನಕ್ಕೆ ಹತ್ತು ಸಲ ಒತ್ತಿ ನೋಡಬೇಡಿ, ಒತ್ತಿದಷ್ಟೂ ನೋಯುತ್ತದೆ, ನೊಂದಷ್ಟೂ ಬೆಳೆಯುತ್ತಿದೆ ಎನಿಸುತ್ತದೆ. ಬಿಸಿ ಶಾಖ ಕೊಡಬೇಡಿ. ಒಬ್ಬರಿಗೆ ಹೇಳಿ, ಮಗಳಿಗೋ ತಂಗಿಗೋ ಗಂಡನಿಗೋ, ನಿಮ್ಮ ಜೊತೆ ಬಸ್ಸು ಹತ್ತುವವರಿಗೆ. ಇಡೀ ಮೊಹಲ್ಲಾಕ್ಕೆ ಹೇಳಬೇಕಿಲ್ಲ. ಇಶಾ ನಮಾಜಿನ ನಂತರ ಮೊಬೈಲ್ ಬೇರೆ ಕೋಣೆಯಲ್ಲಿಡಿ. ದುಆ ಮಾಡಿ ಅತ್ತು ಹಗುರವಾದರೆ ಒಳ್ಳೆಯದು, ಆದರೆ ಪರೀಕ್ಷೆಯ ತಾರೀಖು ಕ್ಯಾಲೆಂಡರಿನಲ್ಲಿ ಗುರುತಾಗಿರಲಿ. ದಿನ ನಿಗದಿಯಾದ ಆತಂಕ ತುಸು ತಣ್ಣಗಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಗಂಡಂದಿರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಬಸ್ಸಿನ ದುಡ್ಡು ಕೈಗಿಟ್ಟು ‘ಹೋಗಿ ಬಾ’ ಎನ್ನಬೇಡಿ. ಹತ್ತಿ ಬಿಡಿಸುವ ಕಾಲವಾದರೂ ಒಂದು ದಿನದ ಕೆಲಸ ಬಿಟ್ಟು ಜೊತೆಯಲ್ಲಿ ಕೂಡಿ. ‘ಆ ಗೋಲಿ ತಿನ್ನಬೇಡ ಅಂದಿದ್ದೆ’ ಎಂಬ ಮಾತು ನಿಮ್ಮ ಬಾಯಿಂದ ಬಾರದಿರಲಿ.

ವರದಿಯಲ್ಲಿ ಏನೂ ಇಲ್ಲವೆಂದು ಬಂದ ಮೇಲೆ ಮಾತ್ರೆ ಮುಂದುವರಿಸಬೇಕೇ ಎಂಬುದನ್ನು ಬರೆದುಕೊಟ್ಟ ವೈದ್ಯರ ಜೊತೆ ಕೂತು ಮಾತಾಡಿ. ವಯಸ್ಸು, ಎಷ್ಟು ವರ್ಷವಾಯಿತು, ತಾಯಿಗೋ ಅಕ್ಕತಂಗಿಯರಿಗೋ ಈ ರೋಗವಿತ್ತೇ, ಬೆವರಿನ ಕಷ್ಟ ಇನ್ನೂ ಎಷ್ಟಿದೆ ಎಂಬುದನ್ನು ನೋಡಿ ಅವರು ಹೇಳುತ್ತಾರೆ. ಮ್ಯಾಮೊಗ್ರಾಮಿನ ಫಿಲ್ಮುಗಳನ್ನು ಮಾತ್ರ ಹಾಸಿಗೆಯ ಕೆಳಗೆ ಮಡಚಿಡಬೇಡಿ. ಮುಂದಿನ ಸಲ ಹೋಲಿಸಿ ನೋಡಲು ವೈದ್ಯರು ಮೊದಲು ಕೇಳುವುದು ಅವನ್ನೇ.