ಪುಟ್ಟ ಕ್ಯಾಮೆರಾ ಮತ್ತು ಜಾತ್ರೆಯ ನಾದ

ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರಾದ ಸೀಮೆಯ ಸಂಗೀತವು ಸಭಾಂಗಣಗಳಲ್ಲಿ ಬೆಳೆದುದಲ್ಲ. ಬಯಲಿನಲ್ಲಿ, ತೇರಿನ ಮುಂದೆ, ಜನಸಂದಣಿಯ ಧೂಳಿನ ನಡುವೆ ಬೆಳೆದುದು. ಕೊಟ್ಟೂರಿನ ಗುರು ಕೊಟ್ಟೂರೇಶ್ವರ ರಥೋತ್ಸವದ ಸಮಾಳ, ನಂದಿಕೋಲುಗಳೂ ಹಡಗಲಿ ತಾಲ್ಲೂಕಿನ ಮೈಲಾರದ ಗೊರವರ ಡಮರುಗ, ಕೊಳಲುಗಳೂ ಇದಕ್ಕೆ ಸಾಕ್ಷಿ. ಈ ಮೇಳಗಳ ಮುಂದೆ ಈಗ ಅಂಗೈಯಲ್ಲಿ ಅಡಗುವ ಪುಟ್ಟ ಚಲನಚಿತ್ರ ಕ್ಯಾಮೆರಾಗಳು ಕಾಣಿಸಿಕೊಳ್ಳತೊಡಗಿವೆ. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇವುಗಳನ್ನು ಕೊಂಡು ತರುತ್ತಿರುವುದು ಅಭಿಮಾನದ ಲಕ್ಷಣವೇ ಸರಿ.

ಆದರೆ ಈ ಯಂತ್ರವು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. 2004ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಗೋಪ್ರೊ, ಕಡಲಿನ ಅಲೆಗಳ ಮೇಲೆ ಜಾರುವ ಆಟಗಾರರು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದ ಫಿಲ್ಮ್ ಕ್ಯಾಮೆರಾ. ಆ ಜನ್ಮಗುಣ ಇಂದಿಗೂ ಬಿಟ್ಟಿಲ್ಲ. ವಿಶಾಲ ದೃಷ್ಟಿಯ ಮಸೂರದಿಂದ ಇಡೀ ಮೇಳದ ವೃತ್ತವನ್ನು ಎರಡು ಮಾರು ದೂರದಿಂದಲೇ ಹಿಡಿಯಬಲ್ಲದು. ಸಮಾಳದವನ ಎದೆಗೆ ಕಟ್ಟಿದರೆ ಕೈಚಳಕವೆಲ್ಲ ಕಣ್ಣಿಗೆ ಕಟ್ಟುತ್ತದೆ. ದೊಡ್ಡ ಕ್ಯಾಮೆರಾಕ್ಕೆ ಇದು ಅಸಾಧ್ಯ. (ನಂದಿಕೋಲಿಗೇ ಬಿಗಿಯುವ ಉತ್ಸಾಹವನ್ನು ಮಾತ್ರ ಹೊರುವವನನ್ನು ಕೇಳದೆ ತೋರಬಾರದು.) ಇರುಳಿನ ಮಂದ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುವುದೊಂದು ಕೊರತೆ, ಅದನ್ನು ಸಹಿಸಬಹುದು.

ಸಹಿಸಲಾಗದುದು ನಾದದ ವಿಷಯ. ಈ ಕ್ಯಾಮೆರಾಗಳು ಸಾಮಾನ್ಯವಾಗಿ ಸದ್ದಿನ ಮಟ್ಟವನ್ನು ತಾವೇ ಏರಿಳಿಸುತ್ತವೆ. ಮೆಲ್ಲನೆಯದನ್ನು ಎತ್ತುತ್ತವೆ, ಜೋರಾದುದನ್ನು ತುಳಿಯುತ್ತವೆ. ಮೈಲಾರದ ಡೆಂಕಣಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಎಂದಾಗ ಅಪಾರ ಜನಸ್ತೋಮ ಉಸಿರು ಬಿಗಿಹಿಡಿಯುತ್ತದೆ. ಆ ಮೌನವೇ ಕಾರಣಿಕದ ಅರ್ಧ ಜೀವ. ಯಂತ್ರಕ್ಕೆ ಮೌನದ ಅರಿವಿಲ್ಲ. ಅದು ಗಾಳಿಯ ಗೊರಗೊರವನ್ನೂ ಪಕ್ಕದವನ ಕೆಮ್ಮನ್ನೂ ಹಿಗ್ಗಿಸಿ ಆ ತೆರಪನ್ನು ತುಂಬುತ್ತದೆ. ಸಮಾಳದ ಪೆಟ್ಟಾದರೋ ಚಪ್ಪಟೆಯಾಗಿ ತಗಡು ಬಡಿದಂತೆ ಕೇಳುತ್ತದೆ. ನೀರು ಸೋಕದಂತೆ ತೊಡಿಸುವ ಕವಚವಿದ್ದರಂತೂ ಹೇಳುವುದೇ ಬೇಡ. ಇಂತಹ ಚಿತ್ರವನ್ನು ನೋಡಿ ಕಲಿಯುವ ಹುಡುಗನಿಗೆ ಕೈ ಎಲ್ಲಿ ಬಿತ್ತೆಂಬುದು ತಿಳಿಯುತ್ತದೆ, ಎಷ್ಟು ಭಾರವಾಗಿ ಬಿತ್ತೆಂಬುದು ತಿಳಿಯದು.

ಪರಿಹಾರ ಹೊಸದಲ್ಲ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿದಾಗ ತೆಗೆದುದು ಮೂಕಚಿತ್ರಗಳನ್ನು. ನಾದವನ್ನು ಬೇರೆ ಯಂತ್ರದಲ್ಲಿ ಮುದ್ರಿಸಿಕೊಂಡರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ದಂಪತಿಗಳು ಅದೇ ಜಾಡು ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಅಲೆದು, ಆ ಕಲೆಗಳಲ್ಲಿ ಉಳಿದುದೇನು, ಅಳಿದುದೇನು ಎಂದು ಪರಿಶೀಲಿಸಿದರು. ಊರು, ಕಲೆ, ಕಾಲಗಳ ಗುರುತು ಉಳಿದಿದ್ದುದರಿಂದಲೇ ಅದು ಸಾಧ್ಯವಾಯಿತು. ಇಂದು ಮೊಬೈಲಿನಿಂದ ಮೊಬೈಲಿಗೆ ಹಾರುವ ಜಾತ್ರೆಯ ಚಿತ್ರಗಳಿಗೆ ಊರಿಲ್ಲ, ವರ್ಷವಿಲ್ಲ, ಬಾರಿಸಿದವನ ಹೆಸರಂತೂ ಇಲ್ಲವೇ ಇಲ್ಲ.

ದಾನಿಗಳು ಶಾಲೆಗೆ ಇನ್ನೊಂದು ಕ್ಯಾಮೆರಾ ಕೊಡುವ ಬದಲು, ಮಟ್ಟವನ್ನು ಕೈಯಿಂದ ನಿಲ್ಲಿಸಬಹುದಾದ ಒಂದು ಧ್ವನಿಮುದ್ರಣ ಯಂತ್ರವನ್ನು ಕೊಟ್ಟರೆ ಹೆಚ್ಚು ಉಪಯೋಗ. ಅದನ್ನು ಮೇಳದಿಂದ ಹತ್ತು ಹೆಜ್ಜೆ ದೂರವಿಟ್ಟು, ಅತಿ ಜೋರಾದ ಪೆಟ್ಟಿಗೆ ಮಟ್ಟ ಹೊಂದಿಸಿ, ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೆ ಚಿತ್ರವನ್ನೂ ನಾದವನ್ನೂ ಆಮೇಲೆ ಕೂಡಿಸಬಹುದು. ಕಲಾವಿದರ ಒಪ್ಪಿಗೆ ಪಡೆಯುವುದು, ಹೆಸರನ್ನು ವಹಿಯಲ್ಲಿ ಬರೆಯುವುದು, ಮೊದಲ ಪ್ರತಿಯನ್ನು ಅವರ ಮನೆಗೇ ಮುಟ್ಟಿಸುವುದು ಅಧ್ಯಾಪಕರ ಹೊಣೆ. ವಯಸ್ಸಾದ ಸಮಾಳದವರಿರುವ ಊರುಗಳಿಗೆ ಮೊದಲು ಹೋಗಬೇಕು; ಅದಕ್ಕೆ ಮುಂದಿನ ಜಾತ್ರೆಯವರೆಗೆ ಕಾಯಬೇಕಾಗಿಲ್ಲ.